ಮನೆಯ ಸೆಡಾನ್‌ಗೆ ಅಂದ ಮತ್ತು ಓಟ: ಯಾವ ಮಾರ್ಪಾಡನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಮಾರುತಿ ಸಿಯಾಜ್, ಫೋಕ್ಸ್‌ವ್ಯಾಗನ್‌ನ ವೆಂಟೊ ಮತ್ತು ವರ್ಟಸ್, ಸ್ಕೋಡಾದ ರ‍್ಯಾಪಿಡ್ ಮತ್ತು ಸ್ಲಾವಿಯಾ, ಇವು ನಮ್ಮ ಊರುಗಳಲ್ಲಿ ಮಾರ್ಪಾಡಿನ ಆಸೆ ಹುಟ್ಟಿಸುವ ಸೆಡಾನ್‌ಗಳು. ಇವುಗಳಲ್ಲಿ ಯಾವುದೂ ಓಟದ ಕಾರಾಗಿ ಹುಟ್ಟಿದ್ದಲ್ಲ. ವಾರದ ಐದು ದಿನ ಕಚೇರಿ, ಶನಿವಾರ ತರಕಾರಿ ಮತ್ತು ಮಕ್ಕಳ ತರಗತಿ, ಹಬ್ಬಕ್ಕೆ ಐದು ಜನ ಹಾಗೂ ಡಿಕ್ಕಿ ತುಂಬ ಸಾಮಾನಿನೊಂದಿಗೆ ಊರಿಗೆ ಪಯಣ ಎಂಬ ಲೆಕ್ಕದಲ್ಲಿ ಇವುಗಳ ಸ್ಪ್ರಿಂಗು, ಟೈರು, ಗೇರಿನ ಅನುಪಾತ ಎಲ್ಲವೂ ನಿರ್ಧಾರವಾಗಿರುತ್ತವೆ. ಆದ್ದರಿಂದ ಇಂಥ ಕಾರಿಗೆ ಏನನ್ನಾದರೂ ಮಾಡಿಸುವ ಮುನ್ನ ಕೇಳಬೇಕಾದ ಪ್ರಶ್ನೆ, ಹೊಸದಾಗಿ ಏನು ಸಿಗುತ್ತದೆ ಎಂಬುದಷ್ಟೇ ಅಲ್ಲ. ಈಗಾಗಲೇ ಇರುವ ಯಾವ ಗುಣವನ್ನು ಅದಕ್ಕೆ ಬೆಲೆಯಾಗಿ ಕೊಡುತ್ತಿದ್ದೇವೆ ಎಂಬುದೂ ಹೌದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕುಟುಂಬದ ಸೆಡಾನ್‌ನಲ್ಲಿ ಹಣವು ನೆಲದಿಂದ ಮೇಲಕ್ಕೆ ಹೋಗಬೇಕು: ಮೊದಲು ಟೈರು, ಆಮೇಲೆ ಬ್ರೇಕು, ಆಮೇಲೆ ಶಾಕ್ ಅಬ್ಸಾರ್ಬರು, ಕೊನೆಗೆ ಎಂಜಿನ್. ಅಂದದ ವಿಷಯದಲ್ಲಿ, ಕಳಚಿದರೆ ಕಾರು ಮೊದಲಿನಂತಾಗುವ ಆಯ್ಕೆಯನ್ನೇ ಹಿಡಿಯಬೇಕು. ಅಂಗಡಿಗಳಲ್ಲಿ ನಡೆಯುವ ಕ್ರಮ ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗು; ಸೈಲೆನ್ಸರ್ ಮತ್ತು ದೊಡ್ಡ ರಿಮ್ ಮೊದಲು ಬರುತ್ತವೆ, ಬ್ರೇಕಿನ ಮಾತು ಬರುವುದೇ ಇಲ್ಲ.

ಕಾನೂನು ಬಿಟ್ಟುಕೊಡುವ ಜಾಗ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಶಬ್ದ ಮತ್ತು ಹೊಗೆಯ ಮಿತಿಯನ್ನು ಮೀರಿದರೆ 190ನೇ ಸೆಕ್ಷನ್ ಬೇರೆಯೇ ಇದೆ. ಅಲ್ಲಿ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ ಹಾಗೂ ಮೂರು ತಿಂಗಳು ಚಾಲನಾ ಪರವಾನಗಿಗೆ ತಡೆ ಬೀಳಬಹುದು.

ಇದರರ್ಥ ಏನನ್ನೂ ಮುಟ್ಟಬಾರದು ಎಂದಲ್ಲ. ಸವೆದ ಟೈರಿನ ಜಾಗದಲ್ಲಿ ಅದೇ ಅಳತೆಯ ಉತ್ತಮ ಟೈರು, ಅದೇ ಮಾದರಿಯ ಮೇಲಿನ ಶ್ರೇಣಿಯಲ್ಲಿ ಕಂಪನಿಯೇ ಕೊಡುವ ಅಲಾಯ್ ಚಕ್ರ, ಉತ್ತಮ ಬ್ರೇಕ್ ಪ್ಯಾಡು, ಸೀಟಿನ ಹೊದಿಕೆ, ಸಂಗೀತದ ವ್ಯವಸ್ಥೆ, ಬಣ್ಣ ಕಾಯುವ ಪಾರದರ್ಶಕ ಹಾಳೆ ಮುಂತಾದವುಗಳಲ್ಲಿ ಕಾನೂನಿನ ತೊಡಕು ಇಲ್ಲವೆಂದೇ ಹೇಳಬಹುದು. ಇಡೀ ಕಾರಿನ ಬಣ್ಣ ಬದಲಾಯಿಸುವುದಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಕಾರನ್ನು ತಗ್ಗಿಸುವುದು, ಎಂಜಿನ್‌ನ ತಂತ್ರಾಂಶ ತಿದ್ದುವುದು ಇವು ಕಣ್ಣಿಗೆ ಕಾಣದಿದ್ದರೂ ಕಾಯ್ದೆಯನ್ನು ಕಟ್ಟುನಿಟ್ಟಾಗಿ ಓದಿದರೆ ಮಾರ್ಪಾಡುಗಳೇ. ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವುದು, ಡೀಸೆಲ್ ಕಾರಿನ ಹೊಗೆ ಸೋಸುವ ಡಿಪಿಎಫ್ ಕತ್ತರಿಸುವುದು, ಸದ್ದು ಅಡಗಿಸುವ ಮಫ್ಲರ್ ಇಲ್ಲದ ನೇರ ಕೊಳವೆ ಹಾಕುವುದು ಈ ಮೂರನ್ನು ನಾನು ಆಯ್ಕೆಗಳೆಂದೇ ಪರಿಗಣಿಸುವುದಿಲ್ಲ.

ಉತ್ತಮ ಟೈರೋ, ದೊಡ್ಡ ಅಲಾಯೋ

ಸೆಡಾನ್ ಮಾಲೀಕರು ಅತಿ ಹೆಚ್ಚು ಗೊಂದಲಕ್ಕೆ ಬೀಳುವ ಜಾಗ ಇದು, ಮತ್ತು ಸರಿಯಾಗಿ ಆರಿಸಿದರೆ ಅತಿ ಹೆಚ್ಚು ಫಲ ಸಿಗುವ ಜಾಗವೂ ಇದೇ. ಕಾರ್ಖಾನೆಯಿಂದ ಬರುವ ಟೈರಿನಲ್ಲಿ ಮೈಲೇಜು, ಬಾಳಿಕೆ ಮತ್ತು ಬೆಲೆಗೆ ಮೊದಲ ಸ್ಥಾನವಿರುತ್ತದೆ. ಒದ್ದೆ ರಸ್ತೆಯ ಹಿಡಿತ ಆಮೇಲೆ. ಹಾಗಾಗಿ ರಿಮ್ ಬದಲಿಸದೆ, ಅಳತೆಯನ್ನೂ ಬದಲಿಸದೆ, ಮೇಲ್ದರ್ಜೆಯ ಟೈರು ಹಾಕಿಸಿದರೂ ಬ್ರೇಕು ಹಿಡಿದಾಗ ಕಾರು ನಿಲ್ಲುವ ದೂರ, ಮಳೆಯಲ್ಲಿ ತಿರುವಿನ ಭರವಸೆ, ರಸ್ತೆಯ ಸದ್ದು ಈ ಮೂರೂ ಮೊದಲ ದಿನವೇ ಬದಲಾದದ್ದು ಚಾಲಕರಿಗೆ ತಿಳಿಯುತ್ತದೆ. ಮೈಲೇಜು ತುಸು ಇಳಿಯಬಹುದು, ಟೈರು ಬೇಗ ಸವೆಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ ಅಥವಾ ಶಿರಾಡಿ ಘಾಟಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಇಳಿಯುವವರಿಗೆ ಈ ವ್ಯಾಪಾರ ಸಂಪೂರ್ಣ ಲಾಭದ್ದು ಎಂದು ನಾನು ನಂಬುತ್ತೇನೆ.

ದೊಡ್ಡ ಅಲಾಯ್‌ನ ಲೆಕ್ಕ ಬೇರೆ. ವೆಂಟೊ, ರ‍್ಯಾಪಿಡ್‌ಗಳಲ್ಲಿ ಬರುತ್ತಿದ್ದ 185/60 ಆರ್15 ಅಳತೆಯನ್ನು ತೆಗೆದುಕೊಳ್ಳೋಣ. 185 ಎಂಬುದು ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 60 ಎಂಬುದು ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ ಪಕ್ಕದ ಗೋಡೆಯ ಎತ್ತರ, ಅಂದರೆ 111 ಮಿ.ಮೀ.; ರಿಮ್‌ನ 15 ಅಂಗುಲ ಸೇರಿಸಿದರೆ ಟೈರಿನ ಒಟ್ಟು ವ್ಯಾಸ 603 ಮಿ.ಮೀ. ಈಗ 16 ಅಂಗುಲಕ್ಕೆ ಹೋಗುವುದಾದರೆ 195/50 ಆರ್16 ಅಳತೆಯ ವ್ಯಾಸ 601 ಮಿ.ಮೀ. ಬರುತ್ತದೆ, ಸ್ಪೀಡೋಮೀಟರ್, ಬ್ರೇಕು ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಗೇರಿನ ಅನುಪಾತ ಯಾವುದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಪಕ್ಕದ ಗೋಡೆ ಸುಮಾರು 97 ಮಿ.ಮೀ.ಗೆ ಇಳಿಯುತ್ತದೆ. 17 ಅಂಗುಲದ 205/40 ಹಾಕಿದರೆ ಒಟ್ಟು ವ್ಯಾಸ 596 ಮಿ.ಮೀ.ನಲ್ಲಿ ನಿಂತರೂ ಗೋಡೆ 82 ಮಿ.ಮೀ. ಮಾತ್ರ ಉಳಿಯುತ್ತದೆ. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳ ಚೂಪಂಚಿನ ಗುಂಡಿಗಳಲ್ಲಿ ರಿಮ್ ಬಾಗುವುದನ್ನೂ ಟೈರಿನ ಪಕ್ಕ ಉಬ್ಬುವುದನ್ನೂ ತಡೆಯುವುದು ಈ ಗೋಡೆಯೇ. 111ರಿಂದ 97ಕ್ಕೆ ಇಳಿಯುವುದನ್ನು ಎಚ್ಚರದ ಚಾಲಕರು ನಿಭಾಯಿಸಬಹುದು, 82 ಮಿ.ಮೀ. ಟೈರನ್ನು ಐದು ಜನರ ಭಾರದೊಂದಿಗೆ ರಾತ್ರಿ ಹೊತ್ತು ರಾಜ್ಯ ಹೆದ್ದಾರಿಯಲ್ಲಿ ಓಡಿಸುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಅಗ್ಗದ ದೊಡ್ಡ ರಿಮ್‌ಗೆ ಇನ್ನೊಂದು ದೋಷವಿದೆ: ತೂಕ. ಚಕ್ರವೊಂದಕ್ಕೆ ಎರಡು ಮೂರು ಕಿಲೊ ಹೆಚ್ಚಾದರೆ ಆ ಭಾರ ಸ್ಪ್ರಿಂಗಿನ ಕೆಳಗೆ, ಅದೂ ತಿರುಗುವ ಭಾಗದಲ್ಲಿ ಸೇರುತ್ತದೆ. ಕಾರು ಹೊರಡುವಾಗ ಎಂಜಿನ್ ಅದನ್ನು ತಿರುಗಿಸಬೇಕು, ನಿಲ್ಲುವಾಗ ಬ್ರೇಕು ಅದನ್ನು ತಡೆಯಬೇಕು, ಗುಂಡಿಯಲ್ಲಿ ಶಾಕ್ ಅಬ್ಸಾರ್ಬರು ಅದನ್ನು ಹಿಡಿದು ನಿಲ್ಲಿಸಬೇಕು. ಪಿಕಪ್ ಹೆಚ್ಚಬೇಕೆಂದು ಮುಂದೆ ಎಂಜಿನ್‌ಗೆ ಖರ್ಚು ಮಾಡುವವರು ಮೊದಲು ಚಕ್ರದಲ್ಲಿಯೇ ಪಿಕಪ್ ಕಳೆದುಕೊಂಡಿರುತ್ತಾರೆ. ಹಾಗಾಗಿ 16 ಅಂಗುಲವೇ ಬೇಕೆಂದಾದರೆ ಅದೇ ಮಾದರಿಯ ಮೇಲಿನ ಶ್ರೇಣಿಯ ಮೂಲ ಅಲಾಯ್‌ಗಳನ್ನು ಹುಡುಕುವುದು ಒಳ್ಳೆಯದು. ಅವುಗಳ ಬೋಲ್ಟಿನ ಅಂತರ, ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ), ನಡುವಿನ ರಂಧ್ರ ಎಲ್ಲವೂ ತಾವಾಗಿಯೇ ಹೊಂದುತ್ತವೆ. ಹೊರಗಿನ ರಿಮ್ ಕೊಳ್ಳುವಾಗ ವೆಂಟೊಗೆ 5x100, ಸಿಟಿಗೆ 4x100 ಎಂಬ ಬೋಲ್ಟ್ ಅಳತೆ (ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ, ಮಿ.ಮೀ.ಗಳಲ್ಲಿ) ಹೊಂದಿದರೆ ಸಾಲದು. ಚಕ್ರ ಕೂರುವ ನಡುಭಾಗವಾದ ಹಬ್‌ನ ವ್ಯಾಸ ಸಿಟಿಯಲ್ಲಿ 56.1 ಮಿ.ಮೀ., ವೆಂಟೊದ್ದು 57.1 ಮಿ.ಮೀ. ರಿಮ್‌ನ ನಡುವಿನ ರಂಧ್ರ ಇದಕ್ಕಿಂತ ದೊಡ್ಡದಿದ್ದರೆ ನಡುವಿನ ಸಂದು ತುಂಬುವ ಹಬ್ ರಿಂಗ್ ಹಾಕಿಸಲೇಬೇಕು. ಇಲ್ಲವಾದರೆ ಎಷ್ಟು ಬಾರಿ ಬ್ಯಾಲೆನ್ಸಿಂಗ್ ಮಾಡಿಸಿದರೂ ವೇಗ ಹೆಚ್ಚಿದಾಗ ಸ್ಟೇರಿಂಗ್ ನಡುಗುತ್ತಲೇ ಇರುತ್ತದೆ.

ಟೈರು ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ಇನ್ನೆರಡು ಗುರುತುಗಳನ್ನು ಓದಬೇಕು. 84ಎಚ್ ಎಂದಿದ್ದರೆ ಆ ಟೈರು 500 ಕಿಲೊ ಭಾರವನ್ನು ಗಂಟೆಗೆ 210 ಕಿ.ಮೀ. ವೇಗದವರೆಗೆ ಹೊರಬಲ್ಲದು, ಬಾಗಿಲಿನ ಕಂಬದ ಮೇಲೆ ಕಂಪನಿ ಅಂಟಿಸಿದ ಚೀಟಿಯಲ್ಲಿರುವುದಕ್ಕಿಂತ ಈ ಅಂಕಿ ಕಡಿಮೆ ಇರಬಾರದು. 2324 ಎಂಬಂಥ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು, ಅಂದರೆ 2024ರ 23ನೇ ವಾರವನ್ನು ಸೂಚಿಸುತ್ತವೆ. ರಿಯಾಯಿತಿಯಲ್ಲಿ ಸಿಗುವ ದುಬಾರಿ ಟೈರು ಹಳೆಯ ದಾಸ್ತಾನಿನದ್ದಾಗಿರುವುದು ಅಪರೂಪವಲ್ಲ.

ತಗ್ಗಿಸುವ ಸ್ಪ್ರಿಂಗೋ, ಒಳ್ಳೆಯ ಶಾಕ್ ಅಬ್ಸಾರ್ಬರೋ

ಚಕ್ರ ಮತ್ತು ಫೆಂಡರಿನ ನಡುವಿನ ಖಾಲಿ ಜಾಗ ಮುಚ್ಚಿದರೆ ಸೆಡಾನ್ ನಿಜಕ್ಕೂ ಸುಂದರವಾಗಿ ಕಾಣುತ್ತದೆ, ಅದನ್ನು ಅಲ್ಲಗಳೆಯಲಾಗದು. 30 ಮಿ.ಮೀ. ತಗ್ಗಿಸುವ ಸ್ಪ್ರಿಂಗುಗಳು ಅದಕ್ಕೆ ಅತಿ ಅಗ್ಗದ ದಾರಿ. ಆದರೆ ಸಿಟಿಯ ಕೆಳಗೆ ಇರುವ 165 ಮಿ.ಮೀ. ಅಂತರದಲ್ಲಿ 30 ಹೋದರೆ 135 ಉಳಿಯುತ್ತದೆ, ಅದೂ ಕಾರು ಖಾಲಿ ಇದ್ದಾಗ.

ಇಲ್ಲಿ ಒಂದು ರೇಖಾಗಣಿತ ಗಮನಿಸಬೇಕಾದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸುವ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಸಿಟಿಯ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2.6 ಮೀಟರ್ ಆದ್ದರಿಂದ ಅಂಥ ಉಬ್ಬು ಎಂದೂ ಕಾರಿನ ಹೊಟ್ಟೆಯಡಿ ಪೂರ್ತಿ ಸೇರಿಕೊಳ್ಳುವುದಿಲ್ಲ. ಎರಡೂ ಚಕ್ರಗಳು ಅದರ ಮೇಲಿರುವಾಗ ನಡುಭಾಗಕ್ಕೆ ಬೇಕಾಗುವುದು ಸುಮಾರು 5 ಸೆಂ.ಮೀ. ಅಂತರ ಮಾತ್ರ. ನಿಯಮದಂತೆ ಕಟ್ಟಿದ ಉಬ್ಬಿನ ಮೇಲೆ ತಗ್ಗಿಸಿದ ಕಾರು ಕೂಡ ನಿರಾಯಾಸವಾಗಿ ದಾಟುತ್ತದೆ. ಆದರೆ ಹಳ್ಳಿ, ಶಾಲೆ, ಬಡಾವಣೆಗಳ ಮುಂದೆ ನಾವು ಕಾಣುವ ಹಂಪ್ಸ್‌ಗಳು ಅರ್ಧ ಮೀಟರ್ ಅಗಲದಲ್ಲೇ ಅಷ್ಟೆತ್ತರ ಏರಿರುತ್ತವೆ. ಅವು ಎರಡು ಚಕ್ರಗಳ ನಡುವೆ ಪೂರ್ತಿ ಸೇರಿಕೊಳ್ಳುವುದರಿಂದ ಅವುಗಳ ಇಡೀ ಎತ್ತರದಷ್ಟು ಅಂತರ ಬೇಕಾಗುತ್ತದೆ. ಐದು ಜನ ಕೂತು ಹಿಂಭಾಗ ಕುಸಿದಿರುವ ಕಾರಿನಲ್ಲಿ ಆ 135 ಮಿ.ಮೀ. ಎಲ್ಲಿ ಉಳಿದಿರುತ್ತದೆ? ಎಂಜಿನ್‌ನ ಆಯಿಲ್ ಸಂಪ್ ಮತ್ತು ಸೈಲೆನ್ಸರ್ ಕೊಳವೆ ಪೆಟ್ಟು ತಿನ್ನುವುದು ಹೀಗೆ. ಬೆಂಗಳೂರಿನಿಂದ ಎಕ್ಸ್‌ಪ್ರೆಸ್‌ವೇ ಮೂಲಕ ಮೈಸೂರಿಗಷ್ಟೇ ಹೋಗಿ ಬರುವವರಿಗೆ ಈ ಕಷ್ಟ ಕಡಿಮೆ. ತೀರ್ಥಹಳ್ಳಿಗೋ ಸಿರ್ಸಿಗೋ ವಿಜಯಪುರದ ಇಂಡಿಗೋ ಊರಿಗೆ ಹೋಗುವವರು ತಗ್ಗಿಸುವ ಯೋಚನೆಯನ್ನು ಬಿಡುವುದೇ ಸರಿ.

ಇದಕ್ಕೆ ಪರ್ಯಾಯವೆಂದರೆ ಎತ್ತರ ಬದಲಿಸದೆ ಶಾಕ್ ಅಬ್ಸಾರ್ಬರ್‌ಗಳನ್ನು ಮಾತ್ರ ಬದಲಿಸುವುದು. ಹೆಚ್ಚು ಓಡಿದ ಕಾರುಗಳಲ್ಲಿ ಮೂಲ ಶಾಕ್‌ಗಳು ಸೋರದಿದ್ದರೂ ಸತ್ವ ಕಳೆದುಕೊಂಡಿರುತ್ತವೆ. ಕಾರು ಉಬ್ಬು ದಾಟಿದ ಮೇಲೂ ತೂಗುತ್ತದೆ, ಲೇನ್ ಬದಲಿಸುವಾಗ ಹಿಂಭಾಗ ತಡವಾಗಿ ಹಿಂಬಾಲಿಸುತ್ತದೆ. ಕಂಪನಿಯ ಹೊಸ ಶಾಕ್‌ಗಳನ್ನು, ಜೊತೆಗೆ ಮೇಲಿನ ಮೌಂಟ್ ಮತ್ತು ಬುಷ್‌ಗಳನ್ನು ಹಾಕಿಸಿದರೆ ಹಳೆಯ ಕಾರಿನಲ್ಲಿ ಕಾಣುವ ಸುಧಾರಣೆ ಯಾವ ಸ್ಪೋರ್ಟ್ಸ್ ಕಿಟ್‌ಗೂ ಕಡಿಮೆಯಲ್ಲ, ಖರ್ಚೋ ಅದರ ಒಂದು ಪಾಲು. ಇನ್ನೂ ಬಿಗಿ ಬೇಕೆನ್ನುವವರಿಗೆ ಬಿಲ್‌ಸ್ಟೈನ್ ಕಂಪನಿಯ ಬಿ6 ಶ್ರೇಣಿ ಮೂಲ ಎತ್ತರದ ಸ್ಪ್ರಿಂಗಿಗಾಗಿ, ಬಿ8 ಶ್ರೇಣಿ ತಗ್ಗಿಸಿದ ಸ್ಪ್ರಿಂಗಿಗಾಗಿ ಎಂಬ ವಿಂಗಡಣೆ ಇದೆ. ಕೊಳ್ಳುವ ಮುನ್ನ ನಿಮ್ಮ ಮಾದರಿಗೆ ಅದು ತಯಾರಾಗುತ್ತದೆಯೇ ಎಂದು ನೋಡಬೇಕು. ತಗ್ಗಿಸುವ ಸ್ಪ್ರಿಂಗನ್ನು ಮೂಲ ಶಾಕ್ ಮೇಲೆ ಕೂರಿಸುವುದು ಎಲ್ಲಕ್ಕಿಂತ ಕೆಟ್ಟ ಜೋಡಿ, ಏಕೆಂದರೆ ಶಾಕ್‌ನ ಕೋಲು ಓಡಾಡಲು ಜಾಗ ಕಡಿಮೆಯಾಗಿ ಪ್ರತಿ ಗುಂಡಿಯಲ್ಲೂ ಅದು ತಳ ಮುಟ್ಟುತ್ತದೆ. ಎತ್ತರವನ್ನು ಬೇಕಾದಂತೆ ತಿರುಗಿಸಿಕೊಳ್ಳುವ ಕಾಯ್ಲ್‌ಓವರ್‌ಗಳು ಟ್ರ್ಯಾಕಿಗೆ ಹೋಗುವವರ ವಸ್ತು. ಹಿಂದಿನ ಸೀಟಿನಲ್ಲಿ ಬೆನ್ನುನೋವಿನ ಹಿರಿಯರು ಕೂರುವ ಕಾರಿಗೆ ಅವು ಸಲ್ಲವು.

ಬ್ರೇಕು

ಇಲ್ಲಿ ಹೋಲಿಕೆ ಬೇಗ ಮುಗಿಯುತ್ತದೆ. ದೊಡ್ಡ ಡಿಸ್ಕ್ ಮತ್ತು ಅದನ್ನು ಒತ್ತಿ ಹಿಡಿಯುವ ಕ್ಯಾಲಿಪರಿನ ಕಿಟ್ ಹಾಕಿಸಿದರೆ ಮುಂದಿನ ಮತ್ತು ಹಿಂದಿನ ಬ್ರೇಕಿನ ಬಲದ ಹಂಚಿಕೆ ಕೆಡುವ ಸಾಧ್ಯತೆ ಇದೆ, 15 ಅಂಗುಲದ ರಿಮ್ ಅದರ ಮೇಲೆ ಕೂರದಿರಬಹುದು. ಉತ್ತಮ ಪ್ಯಾಡು, ಸಮತಟ್ಟಾದ ಡಿಸ್ಕು, ಎರಡು ವರ್ಷಕ್ಕೊಮ್ಮೆ ಹೊಸ ಡಾಟ್ 4 ದರ್ಜೆಯ ಬ್ರೇಕ್ ದ್ರವ ಇಷ್ಟಿದ್ದರೆ ಈ ತೂಕದ ಸೆಡಾನ್‌ಗೆ ಸಾಕು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದ್ದರೆ, ತೇವ ಹೀರಿದ ದ್ರವಕ್ಕೆ ಆ ಅಂಕಿ 155 ಮಾತ್ರ. ಆಗುಂಬೆಯ ತಿರುವುಗಳನ್ನು ಇಳಿಯುವಾಗ ಪೆಡಲ್ ಮೆತ್ತಗಾಗುವುದಕ್ಕೆ ಹಲವು ಬಾರಿ ಈ ಹಳೆಯ ದ್ರವವೇ ಕಾರಣ. ಹಿಂದಿನ ಡ್ರಮ್ ಬ್ರೇಕನ್ನು ಡಿಸ್ಕ್‌ಗೆ ಬದಲಿಸುವ ಕೆಲಸ ನೋಡಲು ಚೆನ್ನ, ಆದರೆ ಹ್ಯಾಂಡ್‌ಬ್ರೇಕು, ಎಬಿಎಸ್ ಎರಡನ್ನೂ ಕೆಡಿಸುವ ಅಪಾಯ ಹೊತ್ತು ಅದನ್ನು ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಎಂಜಿನ್: ಯಾರಿಗೆ ರೀಮ್ಯಾಪ್, ಯಾರಿಗೆ ಬೇಡ

ಎಂಜಿನ್‌ನ ಬಗೆ ನೋಡದೆ ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ತಂತ್ರಾಂಶ ತಿದ್ದುವುದರ ಕುರಿತು ಮಾತಾಡುವುದರಲ್ಲಿ ಅರ್ಥವಿಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್, ಉದಾಹರಣೆಗೆ ಐದನೇ ಪೀಳಿಗೆಯ ಸಿಟಿಯ 121 ಪಿಎಸ್‌ನ (ಪಿಎಸ್ ಎಂದರೆ ಅಶ್ವಶಕ್ತಿಯ ಅಳತೆ) 1.5 ಲೀಟರ್ ಅಥವಾ ಸಿಯಾಜ್‌ನ 105 ಪಿಎಸ್‌ನ 1.5 ಲೀಟರ್, ತಾನು ಎಳೆದುಕೊಳ್ಳುವ ಗಾಳಿಯಷ್ಟೇ ಇಂಧನ ಉರಿಸಬಲ್ಲದು. ತಂತ್ರಾಂಶ ತಿದ್ದಿದರೆ ಕೆಲವೇ ಪಿಎಸ್ ಹೆಚ್ಚುತ್ತದೆ. ಪೆಡಲಿನ ಸ್ಪಂದನ ಚುರುಕಾಗುವುದರಿಂದ ಅದಕ್ಕಿಂತ ಹೆಚ್ಚು ಸಿಕ್ಕಂತೆ ಅನಿಸುತ್ತದೆ. ಪೆಡಲಿನ ಸ್ಪಂದನವಷ್ಟೇ ಬೇಕಿದ್ದರೆ ರೀಮ್ಯಾಪ್‌ನ ಖರ್ಚಿನ ಒಂದು ಭಾಗಕ್ಕೆ ಥ್ರಾಟಲ್ ನಿಯಂತ್ರಕ ಸಿಗುತ್ತದೆ. ಅದು ಎಂಜಿನ್‌ನ ಶಕ್ತಿಯನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ ಎಂಬುದು ತಿಳಿದಿರಲಿ.

ಟರ್ಬೊ ಎಂಜಿನ್‌ಗಳಲ್ಲಿ ಗಾಳಿಯ ಒತ್ತಡವನ್ನೇ ಹೆಚ್ಚಿಸಬಹುದಾದ್ದರಿಂದ ಫಲ ನಿಜವಾದದ್ದು. ಹಳೆಯ ವೆಂಟೊದ 105 ಪಿಎಸ್, 175 ನ್ಯೂಟನ್ ಮೀಟರ್‌ನ (ಇದು ಎಂಜಿನ್ ತಿರುಗಿಸುವ ಬಲದ ಅಳತೆ) 1.2 ಟಿಎಸ್‌ಐ ಟರ್ಬೊ ಪೆಟ್ರೋಲ್, ಬಿಎಸ್6 ಕಾಲದ 110 ಪಿಎಸ್‌ನ 1.0 ಟಿಎಸ್‌ಐ, ವರ್ನಾದ 128 ಪಿಎಸ್‌ನ 1.6 ಡೀಸೆಲ್ ಇವುಗಳಲ್ಲಿ ಯಾವ ಯಂತ್ರಭಾಗವನ್ನೂ ಬದಲಿಸದೆ ಮೊದಲ ಹಂತದ ರೀಮ್ಯಾಪ್ ಶೇ 15ರಿಂದ 25ರಷ್ಟು ಹೆಚ್ಚಳ ತರುವುದು ಸಾಮಾನ್ಯ. ಆದರೆ ಎಂಜಿನ್ ಕೊಡುವುದನ್ನೆಲ್ಲ ಗೇರ್‌ಬಾಕ್ಸ್ ಹೊರಬೇಕು. ಫೋಕ್ಸ್‌ವ್ಯಾಗನ್ ಸಮೂಹದ ಒಣ ಕ್ಲಚ್‌ನ ಏಳು ಗೇರಿನ ಡಿಎಸ್‌ಜಿ ಸ್ವಯಂಚಾಲಿತ ಗೇರ್‌ಬಾಕ್ಸ್, ಡಿಕ್ಯು200, 250 ನ್ಯೂಟನ್ ಮೀಟರ್‌ಗೆ ರೂಪಿಸಿದ್ದು. 1.2 ಟಿಎಸ್‌ಐ ಜೊತೆ ಅದಕ್ಕೆ 75 ನ್ಯೂಟನ್ ಮೀಟರ್ ಅವಕಾಶ ಉಳಿದಿದೆ, ವರ್ಟಸ್ 1.5 ಟಿಎಸ್‌ಐ ಕಾರ್ಖಾನೆಯಿಂದಲೇ 250 ಕೊಡುವುದರಿಂದ ಅಲ್ಲಿ ಅವಕಾಶವೇ ಇಲ್ಲ. ಈಗಾಗಲೇ 150 ಪಿಎಸ್ ಇರುವ ಆ ಕಾರಿಗೆ ರೀಮ್ಯಾಪ್ ಮಾಡಿಸಿ ದುಬಾರಿ ಗೇರ್‌ಬಾಕ್ಸನ್ನು ಪಣಕ್ಕಿಡುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಮ್ಯಾನ್ಯುಯಲ್ ಗೇರಿನ ಕಾರುಗಳಲ್ಲಿ ಮೊದಲು ಸೋಲುವುದು ಕ್ಲಚ್. ಹಳೆಯ ಕ್ಲಚ್ ಇದ್ದರೆ ಅದರ ಖರ್ಚನ್ನೂ ರೀಮ್ಯಾಪ್ ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಇಂಧನದ ಪ್ರಶ್ನೆಯನ್ನು ಅಂಗಡಿಯವರು ಹೇಳದಿದ್ದರೂ ಗ್ರಾಹಕರು ಕೇಳಬೇಕು. ಹೆಚ್ಚು ಆಕ್ಟೇನ್‌ನ (ಒತ್ತಡದಲ್ಲಿ ತಾನಾಗಿ ಬೇಗ ಹೊತ್ತಿಕೊಳ್ಳದ) ಪೆಟ್ರೋಲಿಗಾಗಿ ಬರೆದ ಮ್ಯಾಪ್ ಹಾಕಿಸಿಕೊಂಡವರಿಗೆ ಬೆಂಗಳೂರಿನಲ್ಲಿ ಎಕ್ಸ್‌ಪಿ100, ಪವರ್99ನಂಥವು ಸಿಗಬಹುದು. ಸಕಲೇಶಪುರ ದಾಟಿದ ಮೇಲೆ ಬಂಕ್‌ನಲ್ಲಿ ಸಾದಾ ಪೆಟ್ರೋಲ್ ಮಾತ್ರ ಇದ್ದರೆ ಎಂಜಿನ್ ಬಡಿಯತೊಡಗುತ್ತದೆ. ಈಗ ಎಲ್ಲೆಡೆ ಬಂದಿರುವ ಶೇ 20 ಎಥೆನಾಲ್ ಮಿಶ್ರಣದಿಂದ ಆಕ್ಟೇನ್ ಏರಿದ್ದರೂ, ಎಥೆನಾಲಿನ ಶಾಖಮೌಲ್ಯ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಆದ್ದರಿಂದ ಅದೇ ಕೆಲಸಕ್ಕೆ ಹೆಚ್ಚು ಇಂಧನ ಚಿಮ್ಮಿಸಬೇಕಾಗುತ್ತದೆ. ಹಳೆಯ ಪೆಟ್ರೋಲಿಗೆ ಬರೆದ ಮ್ಯಾಪನ್ನು ಹಾಗೆಯೇ ಎತ್ತಿ ಹಾಕುವವರಿಂದ ದೂರವಿರಬೇಕು. ಕೆಲಸದ ಮೊದಲು ಮತ್ತು ನಂತರ ನಿಮ್ಮ ಕಾರನ್ನೇ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಓಡಿಸಿ ತೋರಿಸುವವರು, ಮೂಲ ತಂತ್ರಾಂಶದ ಪ್ರತಿಯನ್ನು ನಿಮ್ಮ ಕೈಗೆ ಕೊಡುವವರು ನಂಬಿಕೆಗೆ ಅರ್ಹರು.

ರೀಮ್ಯಾಪ್ ಮತ್ತು ಹೊರಗಿನಿಂದ ಜೋಡಿಸುವ ಟ್ಯೂನಿಂಗ್ ಬಾಕ್ಸ್ ನಡುವೆ ಆಯ್ಕೆ ಬಂದರೆ ಇಷ್ಟು ನೆನಪಿಡಬೇಕು: ಬಾಕ್ಸ್ ಸೆನ್ಸರ್‌ನ ಸಂಕೇತವನ್ನು ತಿದ್ದಿ ಎಂಜಿನ್ ಕಂಪ್ಯೂಟರಿಗೆ ತಪ್ಪು ಮಾಹಿತಿ ಕೊಡುತ್ತದೆ, ಸರ್ವಿಸ್‌ಗೆ ಬಿಡುವ ಮೊದಲು ಕಳಚಬಹುದು. ರೀಮ್ಯಾಪ್ ಕಂಪ್ಯೂಟರಿನ ಒಳಗಿನ ಲೆಕ್ಕವನ್ನೇ ಬದಲಿಸುವುದರಿಂದ ಓಟ ಹೆಚ್ಚು ನಯವಾಗಿರುತ್ತದೆ, ಆದರೆ ಮೂಲ ತಂತ್ರಾಂಶ ಮರಳಿ ಹಾಕಿದರೂ ಎಷ್ಟು ಬಾರಿ ಬರೆಯಲಾಗಿದೆ ಎಂಬ ಗುರುತು ಉಳಿಯಬಹುದು. ಫೋಕ್ಸ್‌ವ್ಯಾಗನ್ ಸಮೂಹದಲ್ಲಿ ಹಾಗೆ ಪತ್ತೆಯಾದ ಕಾರಿಗೆ ಟಿಡಿ1 ಎಂಬ ಗುರುತು ಬೀಳುತ್ತದೆ; ಆಮೇಲೆ ಎಂಜಿನ್, ಗೇರ್‌ಬಾಕ್ಸ್‌ಗಳ ವಾರಂಟಿ ಕೇಳುವುದು ಕಷ್ಟ. ವಾರಂಟಿ ಮುಗಿಯದ ಕಾರಿಗೆ ಎರಡೂ ಬೇಡ ಎನ್ನುವುದು ನನ್ನ ಸಲಹೆ. ಕಳಚಿಟ್ಟು ಸರ್ವಿಸ್‌ಗೆ ಕೊಡುವುದು ಪ್ರಾಮಾಣಿಕ ನಡೆಯೂ ಅಲ್ಲ.

ಏರ್ ಫಿಲ್ಟರು ಮತ್ತು ಸೈಲೆನ್ಸರುಗಳಿಂದ ಮಾತ್ರ ಶಕ್ತಿ ನಿರೀಕ್ಷಿಸುವವರಿಗೆ ನಿರಾಶೆಯಾಗುತ್ತದೆ. ಮೂಲ ಪೆಟ್ಟಿಗೆಯೊಳಗೇ ಕೂರುವ ಫಿಲ್ಟರ್ ಹಾನಿಯಿಲ್ಲದ್ದು, ಎಣ್ಣೆ ಸವರುವ ಬಗೆಯದಾದರೆ ಅತಿಯಾಗಿ ಸವರಿ ಗಾಳಿಯ ಸೆನ್ಸರ್ ಕೆಡಿಸಬಾರದಷ್ಟೆ. ಬಂಪರಿನ ಕೆಳಗಿನಿಂದ ಗಾಳಿ ಎಳೆಯುವ ತಣ್ಗಾಳಿ ಕೊಳವೆಗಳು ಮಾತ್ರ ನಮ್ಮ ನಗರಗಳಿಗೆ ಅಪಾಯಕಾರಿ: ಜೋರು ಮಳೆಯ ಸಂಜೆ ಬೆಂಗಳೂರಿನ ಅಂಡರ್‌ಪಾಸ್‌ನಲ್ಲಿ ನಿಂತ ನೀರನ್ನು ಅವು ಎಂಜಿನ್‌ಗೆ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವಿಲ್ಲದ ವಿಮೆ ಆ ನಷ್ಟ ತುಂಬಿಕೊಡುವುದಿಲ್ಲ. ಸೈಲೆನ್ಸರ್‌ನ ಬದಲಾವಣೆ ಟರ್ಬೊ ಇಲ್ಲದ ಕಾರಿನಲ್ಲಿ ಬಹುತೇಕ ಸದ್ದಿನ ಬದಲಾವಣೆ. ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋಗುವಾಗ ಕಾರಿನೊಳಗೆ ತುಂಬುವ ಗುಂಯ್‌ಗುಡುವಿಕೆ ಮೂರು ಗಂಟೆಯ ಪಯಣದಲ್ಲಿ ಮಲಗಿದ ಮಗುವನ್ನೂ ಎಬ್ಬಿಸುತ್ತದೆ.

ಈ ಎಲ್ಲ ಖರ್ಚನ್ನೂ ಕೂಡಿಸಿದ ಮೇಲೆ ಇನ್ನೊಂದು ಆಯ್ಕೆಯನ್ನು ಎದುರಿಗಿಟ್ಟು ನೋಡಬೇಕು: ಇರುವ ಕಾರನ್ನು ಮಾರಿ, ಕಾರ್ಖಾನೆಯಲ್ಲೇ ಶಕ್ತಿ ಪಡೆದ ಸೆಡಾನ್ ಕೊಳ್ಳುವುದು. 160 ಪಿಎಸ್‌ನ ವರ್ನಾ 1.5 ಟರ್ಬೊ ಅಥವಾ 150 ಪಿಎಸ್‌ನ ವರ್ಟಸ್, ಸ್ಲಾವಿಯಾ 1.5 ಟಿಎಸ್‌ಐಗಳನ್ನು ಒಂದೆರಡು ವರ್ಷ ಓಡಿದ ಸ್ಥಿತಿಯಲ್ಲಿ ಕೊಂಡರೆ, ಬ್ರೇಕು, ತಂಪು ವ್ಯವಸ್ಥೆ, ಸ್ಥಿರತಾ ನಿಯಂತ್ರಣ ಎಲ್ಲವೂ ಆ ಶಕ್ತಿಗೆ ಹೊಂದಿಕೊಂಡೇ ಬಂದಿರುತ್ತವೆ, ಆರ್‌ಸಿ ಮತ್ತು ವಿಮೆಯ ಚಿಂತೆಯೂ ಇರುವುದಿಲ್ಲ. ಓಟವೇ ಮುಖ್ಯವೆನ್ನುವವರಿಗೆ, ಹಳೆಯ ಕಾರಿನ ಮೇಲೆ ವಿಶೇಷ ಮಮತೆ ಇಲ್ಲದಿದ್ದರೆ, ಇದೇ ಸರಿಯಾದ ದಾರಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ ಗಂಟೆಗೆ 100 ಕಿ.ಮೀ.; ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ 130 ಮೀರಿದವರ ಮೇಲೆ ಪೊಲೀಸರು ಎಫ್‌ಐಆರ್ ದಾಖಲಿಸುತ್ತಿದ್ದಾರೆ. ಹೆಚ್ಚಿದ ಶಕ್ತಿಯನ್ನು ಪೂರ್ತಿ ಬಳಸಬೇಕೆಂದರೆ ಕೊಯಮತ್ತೂರಿನ ಬಳಿಯ ಕರಿ ಸ್ಪೀಡ್‌ವೇ ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗಬೇಕಾಗುತ್ತದೆ.

ಅಂದ: ಬಣ್ಣ, ಹಾಳೆ, ಕಿಟ್, ದೀಪ

ಹೊಸ ಬಣ್ಣ ಬಳಿಸುವುದು, ಬಣ್ಣದ ಹಾಳೆ ಸುತ್ತಿಸುವುದು, ಪಾರದರ್ಶಕ ರಕ್ಷಕ ಹಾಳೆ ಹಾಕಿಸುವುದು ಈ ಮೂರರಲ್ಲಿ ಮೂರನೆಯದೇ ಕುಟುಂಬದ ಕಾರಿಗೆ ಒಪ್ಪುತ್ತದೆ. ಕಾರ್ಖಾನೆಯ ಬಣ್ಣದಷ್ಟು ಗಟ್ಟಿ ಬಣ್ಣವನ್ನು ಹೊರಗಿನ ಬೂತ್‌ಗಳಲ್ಲಿ ಪಡೆಯುವುದು ಸುಲಭವಲ್ಲ, ಕೊಳ್ಳುವವರೂ ಮರುಬಣ್ಣ ಕಂಡರೆ ಅಪಘಾತವಾಗಿತ್ತೇ ಎಂದು ಶಂಕಿಸುತ್ತಾರೆ. ಬಣ್ಣದ ವಿನೈಲ್ ಹಾಳೆಯನ್ನು ಕಿತ್ತು ಹಾಕಬಹುದು, ಆದರೆ ಬಿಸಿಲಿನಲ್ಲೇ ನಿಲ್ಲುವ ಕಾರಿನಲ್ಲಿ ಅದು ಕೆಲವೇ ವರ್ಷಗಳಲ್ಲಿ ಅಂಚು ಬಿಡುತ್ತದೆ, ಆರ್‌ಸಿಯಲ್ಲಿನ ಬಣ್ಣಕ್ಕಿಂತ ಬೇರೆಯಾದರೆ ಮೇಲೆ ಹೇಳಿದ ಅನುಮತಿಯೂ ಬೇಕು. ಪಾಲಿಯುರೆಥೇನ್‌ನ ರಕ್ಷಕ ಹಾಳೆ ದುಬಾರಿ. ಇಡೀ ಕಾರಿಗೆ ಬೇಡವೆಂದರೆ ಬಂಪರು, ಬಾನೆಟ್, ಬಾಗಿಲ ಹಿಡಿಕೆಯ ಕುಳಿ ಇಷ್ಟಕ್ಕೆ ಹಾಕಿಸಿ ಉಳಿದ ಭಾಗಕ್ಕೆ ಸೆರಾಮಿಕ್ ಲೇಪನ ಮಾಡಿಸಬಹುದು. ಸೆರಾಮಿಕ್ ಲೇಪನ ಹೊಳಪು ಕೊಡುತ್ತದೆ, ತೊಳೆಯುವುದನ್ನು ಸುಲಭ ಮಾಡುತ್ತದೆ. ಕಲ್ಲಿನ ಪೆಟ್ಟು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಅದು ನಿಜವಲ್ಲ.

ಬಾಡಿ ಕಿಟ್‌ಗಳಲ್ಲಿ ಫೈಬರ್‌ನದು ಅಗ್ಗ, ಆದರೆ ಮೊದಲ ಎತ್ತರದ ಹಂಪ್ಸ್‌ನಲ್ಲೇ ಸೀಳುತ್ತದೆ. ಎಬಿಎಸ್ (ಇದು ಬ್ರೇಕಿನ ಎಬಿಎಸ್ ಅಲ್ಲ, ಒಂದು ಬಗೆಯ ಪ್ಲಾಸ್ಟಿಕ್) ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನದು ಬಾಗಿ ಉಳಿಯುತ್ತದೆ. ಡಿಕ್ಕಿಯ ಅಂಚಿನ ಸಣ್ಣ ಲಿಪ್ ಸ್ಪಾಯ್ಲರ್ ಅಂದಕ್ಕೆ ಚೆನ್ನ, ನಮ್ಮ ವೇಗಗಳಲ್ಲಿ ಅದರಿಂದ ಕಾರು ನೆಲಕ್ಕೆ ಅಂಟಿಕೊಳ್ಳುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕಂಪನಿಯ ಮೂಲ ಭಾಗಗಳ ಪಕ್ಕದಲ್ಲೇ ಅವುಗಳ ನಕಲೂ ಮಾರಾಟಕ್ಕಿರುತ್ತದೆ. ರಂಧ್ರ ಕೊರೆಯದೆ ಮೂಲ ಕ್ಲಿಪ್ಪುಗಳಿಗೇ ಕೂರುವುದನ್ನು ಆರಿಸಬೇಕು, ಕೊರೆದ ಕಡೆ ಕರಾವಳಿಯ ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ಗಾಜಿನ ಕಪ್ಪು ಹಾಳೆಗಳನ್ನು 2012ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50ರಷ್ಟು ಬೆಳಕು ಹಾಯಲೇಬೇಕು. 2021ರಿಂದ ಜಾರಿಗೆ ಬಂದ ತಿದ್ದುಪಡಿಯ ಆಧಾರದಲ್ಲಿ, ಈ ಮಿತಿಯೊಳಗಿನ ಪ್ರಮಾಣಿತ ಹಾಳೆಗಳಿಗೆ ದಂಡ ಹಾಕುವಂತಿಲ್ಲವೆಂದು ಕೇರಳ ಹೈಕೋರ್ಟ್ 2024ರಲ್ಲಿ ಹೇಳಿದೆ. ಬಿಸಿಲ ಶಾಖ ತಡೆಯುವ ಬಣ್ಣವಿಲ್ಲದ ಹಾಳೆ ಹಾಕಿಸುವವರು ಗಾಜು ಮತ್ತು ಹಾಳೆ ಎರಡೂ ಸೇರಿದ ಮೇಲಿನ ಅಂಕಿಯನ್ನು ಅಳೆಸಿ, ಪ್ರಮಾಣಪತ್ರ ಕಾರಿನಲ್ಲಿಟ್ಟುಕೊಳ್ಳಬೇಕು. ಆದರೂ ರಸ್ತೆಯಲ್ಲಿ ತಡೆದ ಪೊಲೀಸರಿಗೆ ವಿವರಿಸುವ ಹೊರೆ ನಿಮ್ಮದೇ.

ದೀಪದ ವಿಷಯದಲ್ಲಿ ನನಗೆ ರಾಜಿಯಿಲ್ಲ. ಹ್ಯಾಲೊಜೆನ್ ಬಲ್ಬಿಗೆ ರೂಪಿಸಿದ ಪ್ರತಿಫಲಕದಲ್ಲಿ ಅಗ್ಗದ ಎಲ್‌ಇಡಿ ಅಥವಾ ಎಚ್‌ಐಡಿ (ಕ್ಸೆನಾನ್) ಬಲ್ಬು ತುರುಕಿದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ, ನಿಮ್ಮ ರಸ್ತೆ ಮಾತ್ರ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ. 60/55 ವ್ಯಾಟಿನ ಮೂಲ ಬಲ್ಬಿಗೆ ಬ್ಯಾಟರಿಯಿಂದ ನೇರ ರಿಲೇ ಹಾಕಿಸಿ, ಮಸುಕಾದ ಹೆಡ್‌ಲ್ಯಾಂಪ್ ಗಾಜನ್ನು ಪಾಲಿಶ್ ಮಾಡಿಸಿ, ದೀಪದ ಎತ್ತರ ಸರಿಪಡಿಸಿಕೊಂಡರೆ ಬಹಳ ಜನರಿಗೆ ಅಷ್ಟೇ ಸಾಕು. ಹೆಚ್ಚು ಬೇಕಾದರೆ ಮೇಲಿನ ಶ್ರೇಣಿಯ ಪ್ರೊಜೆಕ್ಟರ್ ದೀಪದ ಇಡೀ ಘಟಕವನ್ನೇ ಬದಲಿಸಬೇಕು.

ಯಾರು ಎಷ್ಟು ಖರ್ಚು ಮಾಡಬೇಕು

ಐವತ್ತು ಸಾವಿರದೊಳಗೆ ಮುಗಿಸಬೇಕಾದವರು ನಾಲ್ಕು ಒಳ್ಳೆಯ ಟೈರು, ಪ್ಯಾಡು, ಬ್ರೇಕ್ ದ್ರವ, ವ್ಹೀಲ್ ಅಲೈನ್‌ಮೆಂಟ್ ಇಷ್ಟರಲ್ಲಿ ನಿಲ್ಲಬೇಕು. ಉಳಿದ ಹಣದಲ್ಲಿ ಹೆಡ್‌ಲ್ಯಾಂಪ್ ಪಾಲಿಶ್ ಮತ್ತು ಸೆರಾಮಿಕ್ ಲೇಪನ ಬರಬಹುದು. ಲಕ್ಷದ ಆಸುಪಾಸಿನಲ್ಲಿ ಖರ್ಚು ಮಾಡಬಲ್ಲವರು ಇದಕ್ಕೆ ಹೊಸ ಶಾಕ್ ಅಬ್ಸಾರ್ಬರು ಮತ್ತು ಕಂಪನಿಯ 16 ಅಂಗುಲದ ಅಲಾಯ್ ಸೇರಿಸಿಕೊಂಡರೆ ಕಾರು ನೋಡಲೂ ಓಡಿಸಲೂ ಹೊಸದಾಗುತ್ತದೆ. ವಾರಂಟಿ ಮುಗಿದ, ಗೇರ್‌ಬಾಕ್ಸ್‌ನಲ್ಲಿ ಅವಕಾಶ ಉಳಿದಿರುವ ಟರ್ಬೊ ಕಾರಿನ ಮಾಲೀಕರು, ಕಾನೂನಿನ ಹೊಣೆ ತಮ್ಮದೆಂದು ತಿಳಿದು, ಈ ಎಲ್ಲವೂ ಆದ ಮೇಲೆ ಮಾತ್ರ ರೀಮ್ಯಾಪ್ ಬಗ್ಗೆ ಯೋಚಿಸಬಹುದು.

ಏನೇ ಮಾಡಿಸಿದರೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಸಂಗೀತ ವ್ಯವಸ್ಥೆಯಂಥ ವಿದ್ಯುತ್ ಉಪಕರಣಗಳನ್ನು ಐಎಂಟಿ 24 ಎಂಬ ಅನುಬಂಧದಡಿ, ಅವುಗಳ ಬೆಲೆಯ ಶೇ 4ರಷ್ಟು ಹೆಚ್ಚುವರಿ ಕಂತಿಗೆ ಸೇರಿಸುವ ಪದ್ಧತಿ ಇದೆ. ಅಲಾಯ್ ಚಕ್ರದಂಥವುಗಳ ಬಿಲ್ಲನ್ನು ಪಾಲಿಸಿ ನವೀಕರಣದ ಹೊತ್ತಿಗೆ ಕೊಟ್ಟು ಮೌಲ್ಯದಲ್ಲಿ ನಮೂದಿಸಿಕೊಳ್ಳಬೇಕು. ತಿಳಿಸದ ಮಾರ್ಪಾಡು ಅಪಘಾತಕ್ಕೆ ಕಾರಣವಾಯಿತೆಂದು ಸರ್ವೇಯರ್ ಬರೆದರೆ ಸ್ವಂತ ಕಾರಿನ ನಷ್ಟದ ಹಣ ತಡೆಹಿಡಿಯಬಹುದು. ತೆಗೆದ ಮೂಲ ರಿಮ್, ಸ್ಪ್ರಿಂಗು, ಬಂಪರ್, ದೀಪಗಳನ್ನು ಅಂಗಡಿಯವರಿಗೆ ಬದಲಿಗೆ ಕೊಡದೆ, ಗೋಣಿಯಲ್ಲಿ ಸುತ್ತಿ ಮನೆಯಲ್ಲೇ ಇಟ್ಟುಕೊಳ್ಳಿ. ಕಾರು ಮಾರುವ ದಿನ ಅವುಗಳನ್ನು ಮರಳಿ ಕೂರಿಸಿದರೆ ಮೂಲ ಕಾರಿನ ಬೆಲೆ ಸಿಗುತ್ತದೆ, ಹಾಕಿಸಿದ ಅಲಾಯ್‌ಗಳನ್ನು ಬೇರೆಯಾಗಿ ಮಾರಬಹುದು.